ಬ್ರಿಟಿಷ್ ಸೇನಾಧಿಕಾರಿಯ ಬಡ್ತಿಗಳನ್ನು ದಾಖಲೆಗಳಲ್ಲಿ ಪತ್ತೆಹಚ್ಚುವ ಬಗೆ

ಮೊದಲು ಒಂದು ಹಾಳೆಯಲ್ಲಿ ಐದು ಕಾಲಂ ಎಳೆದುಕೊಳ್ಳಿ: ತಾರೀಖು, ಕಾಯಂ ರ‍್ಯಾಂಕ್, ಬ್ರೆವೆಟ್ (ರೆಜಿಮೆಂಟಿನಲ್ಲಿ ಸ್ಥಾನ ಬದಲಾಗದೆ ಸೇನೆಯಲ್ಲಿ ಸಿಗುವ ಮೇಲಿನ ದರ್ಜೆ), ತಾತ್ಕಾಲಿಕ ರ‍್ಯಾಂಕ್, ನಿಭಾಯಿಸಿದ ಹುದ್ದೆ. ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಆಸಾಮಿಗೆ ಹಿಂಬಡ್ತಿಯಾಯಿತೇನೋ ಅನ್ನಿಸುತ್ತದೆ. ಮಾಂಟ್‌ಗೊಮರಿಯನ್ನೇ ನೋಡಿ, ಎರಡನೇ ಮಹಾಯುದ್ಧದ ಹೆಸರಾಂತ ಬ್ರಿಟಿಷ್ ಸೇನಾಪತಿ. 1918ರಲ್ಲಿ ಯುದ್ಧ ಮುಗಿದಾಗ 47ನೇ ಡಿವಿಷನ್ನಿನಲ್ಲಿ ತಾತ್ಕಾಲಿಕ ಲೆಫ್ಟಿನೆಂಟ್ ಕರ್ನಲ್. ಕಾಯಂ ಮೇಜರ್ ಆದದ್ದು 1925ರಲ್ಲಿ, ಕಾಯಂ ಲೆಫ್ಟಿನೆಂಟ್ ಕರ್ನಲ್ ಆದದ್ದು 1931ರಲ್ಲಿ! ತಪ್ಪೇನೂ ನಡೆದಿರಲಿಲ್ಲ, ಹುದ್ದೆ ಹೋಯಿತು, ಅದರ ಜೊತೆಗಿದ್ದ ರ‍್ಯಾಂಕೂ ಹೋಯಿತು.

ಹುಡುಕಾಟವನ್ನು ನಿವೃತ್ತಿಯಿಂದ ಹಿಂದಕ್ಕೆ ನಡೆಸುವುದು ಸುಲಭ. 1665ರಿಂದ ಬರುತ್ತಿರುವ ಸರ್ಕಾರದ ಅಧಿಕೃತ ಪ್ರಕಟಣಾ ಪತ್ರಿಕೆ ಲಂಡನ್ ಗೆಜೆಟ್ ಆನ್‌ಲೈನಿನಲ್ಲಿ ಉಚಿತ. ನಿವೃತ್ತಿಯ ಪ್ರಕಟಣೆಯಲ್ಲಿ ಗೌರವ ರ‍್ಯಾಂಕ್ ಕೊಟ್ಟಿದ್ದರೆ ಅದನ್ನು ಕಾಯಂ ಕಾಲಮ್ಮಿಗೆ ಹಾಕಬೇಡಿ. ಪ್ರಕಟವಾದ ದಿನ ಬೇರೆ, ಬಡ್ತಿ ಜಾರಿಗೆ ಬಂದ ದಿನ ಬೇರೆ. ನಡುವೆ ತಿಂಗಳುಗಳೇ ಕಳೆದಿರಬಹುದು. ಲೆಕ್ಕಕ್ಕೆ ಬರುವುದು ಎರಡನೆಯದು. ಹಳೆಯ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ, ಹಾಗಾಗಿ ಹೆಸರಿಗೆ ಸಿಗದಿದ್ದರೆ ರೆಜಿಮೆಂಟಿನ ಹೆಸರು ಹಾಕಿ, ವರ್ಷ ಕಿರಿದುಮಾಡಿ ಪುಟಗಳನ್ನು ಕಣ್ಣಲ್ಲೇ ನೋಡಿ. 1871ರ ನವೆಂಬರ್ 1ಕ್ಕಿಂತ ಹಿಂದಿನ ಪ್ರಕಟಣೆಗಳಲ್ಲಿ 'ಖರೀದಿಯಿಂದ' ಎಂದಿದ್ದರೆ ಬಡ್ತಿಯನ್ನು ದುಡ್ಡು ಕೊಟ್ಟೇ ಪಡೆದದ್ದು. ಫಿರಂಗಿದಳ, ಎಂಜಿನಿಯರ್‌ಗಳಲ್ಲಿ ಈ ಪದ್ಧತಿ ಇರಲಿಲ್ಲ.

ಆಮೇಲೆ ಆರ್ಮಿ ಲಿಸ್ಟ್, ಅಂದರೆ ಸೇನಾಧಿಕಾರಿಗಳ ಅಧಿಕೃತ ಪಟ್ಟಿ. 1839ರಿಂದ 1915ರವರೆಗಿನ ಹಾರ್ಟ್ ಎಂಬಾತ ಖಾಸಗಿಯಾಗಿ ಆರಂಭಿಸಿದ ಪಟ್ಟಿ ಇನ್ನೂ ರುಚಿಕರ, ಅಧಿಕಾರಿ ಕಾದಾಡಿದ ಯುದ್ಧಗಳ ವಿವರ ಅದರಲ್ಲಿದೆ. ಹೆಸರಿನ ಪಕ್ಕ 'ಪಿ.ಎಸ್.ಸಿ.' ಕಂಡರೆ ಸೇನಾ ಯೋಜನೆ, ಆಡಳಿತ ಕಲಿಸುವ ಸ್ಟಾಫ್ ಕಾಲೇಜು ಮುಗಿಸಿದವನೆಂದು ಗುರುತಿಟ್ಟುಕೊಳ್ಳಿ. ಮುಂದಿನ ಸ್ಟಾಫ್ ಹುದ್ದೆಗಳ ಜಾಡು ಅಲ್ಲಿಂದಲೇ ಹಿಡಿಯಬೇಕು.

ಮೊದಲ ಮಹಾಯುದ್ಧದ ಅಧಿಕಾರಿಗಳ ಕಡತಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ: ಕಾಯಂ ಸೇನೆಯವರದು ಹೆಚ್ಚಾಗಿ ಡಬ್ಲ್ಯೂಒ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 339ನೇ ಸರಣಿಯಲ್ಲಿ, ಅರೆಕಾಲಿಕ ಸೈನಿಕರ ದಳವಾದ ಟೆರಿಟೋರಿಯಲ್‌ನವರದು 374ರಲ್ಲಿ. ಮುಖ್ಯ ಸೇವಾ ಕಡತಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟವು. ಉಳಿದದ್ದು ಪತ್ರವ್ಯವಹಾರ: ಗಾಯ, ವೈದ್ಯಕೀಯ ಮಂಡಳಿ, ಪಿಂಚಣಿಯ ಕೊಸರಾಟ. 1922ರ ನಂತರವೂ ಸೇವೆಯಲ್ಲಿದ್ದವರನ್ನು ಈ ಎರಡು ಸರಣಿಗಳಲ್ಲಿ ಹುಡುಕಿದರೆ ಕೈಗೆ ಹತ್ತುವುದಿಲ್ಲ. ದಿನದಿನದ ಕೆಲಸ ತಿಳಿಯಲು ಡಬ್ಲ್ಯೂಒ 95ರ ಯುದ್ಧದಿನಚರಿ ತೆರೆಯಿರಿ. ಬರ್ಮಾ ಯುದ್ಧದ ಸೇನಾಪತಿ ಸ್ಲಿಮ್ ಅವರ ಹಾಗೆ ಇಂಡಿಯನ್ ಆರ್ಮಿಗೆ ದಾಟಿದವರಿದ್ದರೆ ಕ್ಯೂ ಸಾಲದು, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನೂ ನೋಡಬೇಕು.

'ಬ್ರಿಗೇಡಿಯರ್ ಜನರಲ್' ಅಂತ ಕಂಡರೆ ಕಾಲ ನೋಡಿ. 1920ರ ದಶಕದ ಆರಂಭದಲ್ಲೇ ಆ ರ‍್ಯಾಂಕ್ ರದ್ದಾಯಿತು. 1928ರಲ್ಲಿ ಬಂದ ಬರೀ 'ಬ್ರಿಗೇಡಿಯರ್' ಎಂಬ ದರ್ಜೆ ಜನರಲ್‌ಗಳ ಸಾಲಿಗೆ ಸೇರುವುದಿಲ್ಲ.