ಹಿನ್ನೀರಿನ ಮತ್ಸ್ಯಕನ್ಯೆ: ಕಾದಂಬರಿ ಕಟ್ಟಿದ ಬಗೆ

ಬಾಗಲಕೋಟೆಗೆ ಸಮುದ್ರ ಇಲ್ಲ. ಮತ್ಸ್ಯಕನ್ಯೆಯ ಪ್ರೇಮಕಥೆಯನ್ನು ಇಲ್ಲಿ ನಡೆಸಬೇಕೆಂದರೆ ಹವಳ, ಶಂಖ, ಉಬ್ಬರ, ಮುತ್ತಿನ ಅರಮನೆ ಎಲ್ಲವನ್ನೂ ಮೊದಲ ದಿನವೇ ಕೈಬಿಡಬೇಕು. ನಮ್ಮಲ್ಲಿರುವುದು ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಅದರಡಿ ಮುಳುಗಿದ ಊರುಗಳ ಹೊಸ್ತಿಲು, ದನಕ್ಕೆ ಮೇವು ಹಾಕುವ ಗ್ವಾದಲಿ, ಬಾವಿಕಟ್ಟೆ ಇವೆ. ಹದಿಹರೆಯದ ಓದುಗರಿಗಾಗಿ ಬರೆದ ಈ ಕಾದಂಬರಿಯ ಹುಡುಗ ಮುಳುಗಡೆಯವರಿಗಾಗಿ ಕಟ್ಟಿದ ನವನಗರದವನು, ಅವನ ಅಜ್ಜಿಯ ಮನೆ ಘಟಪ್ರಭೆಯ ದಂಡೆಯಲ್ಲಿ ಮುಳುಗಿದೆ, ಹುಡುಗಿ ಆ ಮನೆಯಲ್ಲಿದ್ದಾಳೆ. ಮತ್ಸ್ಯಕನ್ಯೆಯರು ಮೊದಲು ಹೊಳೆಯ ಮಡುಗಳಲ್ಲಿದ್ದವರು, ನೀರು ಏರಿದ ಮೇಲೆ ಊರೊಳಗೆ ಬಂದವರು. ಹಾಗಾಗಿ ‘ಇದು ಯಾರ ಮನಿ’ ಎಂಬ ತಕರಾರು ಪ್ರೇಮದ ಜೊತೆಗೇ ಹುಟ್ಟಿತು. ಖಳನಾಯಕನ ಅಗತ್ಯ ಬೀಳಲಿಲ್ಲ.

ಕಥೆಯ ಗಡಿಯಾರ ಜಲಾಶಯದ ಮಟ್ಟ. ಆಲಮಟ್ಟಿ ತುಂಬಿದಾಗ ಅದು ಸಮುದ್ರಮಟ್ಟದಿಂದ 519.60 ಮೀಟರ್. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಜುಲೈನಲ್ಲಿ ನೀರು ಏರುತ್ತದೆ, ಆಗಸ್ಟ್ ಹೊತ್ತಿಗೆ ತುಂಬುತ್ತದೆ, ಹಿಂಗಾರಿಗೆ ಕಾಲುವೆಗೆ ಬಿಟ್ಟಂತೆ ಇಳಿಯುತ್ತ ಏಪ್ರಿಲ್–ಮೇನಲ್ಲಿ ಹಳೆಯ ಗೋಡೆಗಳು ತಲೆ ಎತ್ತುತ್ತವೆ. 22 ಅಧ್ಯಾಯಗಳಿಗೂ ತಿಂಗಳ ಹೆಸರಿನ ಬದಲು ಮಟ್ಟವನ್ನೇ ತಲೆಬರಹ ಮಾಡಿದೆ. ಮೊದಲ ಅಧ್ಯಾಯ ಜೂನ್, ಕೊನೆಯದು ಮುಂದಿನ ಜೂನ್. ಅಕ್ಟೋಬರಿನಲ್ಲಿ ಭೇಟಿ, ಜನವರಿಯಲ್ಲಿ ಸಲಿಗೆ, ಏಪ್ರಿಲ್‌ನಲ್ಲಿ ಅವಳ ಮನೆ ಬಟಾಬಯಲು.

ಮೊದಲ ಕರಡು ಕೆಟ್ಟಿದ್ದು ಇಲ್ಲೇ. ಅಕ್ಟೋಬರಿನಲ್ಲೂ ಮಾರ್ಚಿನಲ್ಲೂ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಮಾತಾಡುತ್ತಿದ್ದರು. ಲೆಕ್ಕ ಹಾಕಿದರೆ ಅದು ಆಗದ ಮಾತು. ನೂರಕ್ಕೆ ಒಂದು ಅಡಿ ಇಳಿಜಾರಿನ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮಟ್ಟ 10 ಮೀಟರ್ ಇಳಿದರೆ ದಡ 1 ಕಿಲೋಮೀಟರ್ ಹಿಂದೆ ಸರಿಯುತ್ತದೆ. ನಡುವೆ ಉಳಿಯುವುದು ಮೇಲೆ ಬಿರುಕು ಬಿಟ್ಟು ಒಳಗೆ ಹಸಿಯಾಗಿರುವ ಕೆಸರು, ಮೊಣಕಾಲಿನವರೆಗೆ ಹೂಳುವಂಥದ್ದು. ಒಂದು ಹಾಳೆಯಲ್ಲಿ ಐದು ಜಾಗ ಗುರುತಿಸಿ ಪ್ರತಿಯೊಂದರ ಎತ್ತರ ಬರೆದುಕೊಂಡೆ. ಆ ಅಧ್ಯಾಯದ ಮಟ್ಟಕ್ಕಿಂತ ಜಾಗ ಎತ್ತರದಲ್ಲಿದ್ದರೆ ಅವಳು ಅಲ್ಲಿಗೆ ಬರುವಂತಿಲ್ಲ. ಅರ್ಧದಷ್ಟು ದೃಶ್ಯಗಳು ಜಾಗ ಬದಲಿಸಿದವು. ಹುಡುಗ ಕೆಸರು ತುಳಿದು ಹೋಗುವ ಅಧ್ಯಾಯ ಹುಟ್ಟಿದ್ದೂ ಆ ಹಾಳೆಯಿಂದಲೇ.

ದೇಹದ ನಿಯಮಗಳನ್ನು ಕಥೆಗಿಂತ ಮೊದಲೇ ಬರೆದಿಡಬೇಕು, ಇಲ್ಲದಿದ್ದರೆ ಸಂಕಟ ಬಂದಾಗಲೆಲ್ಲ ಹೊಸ ಶಕ್ತಿ ಕೊಡುವ ಚಟ ಹತ್ತುತ್ತದೆ. ಕಿವಿರು ಕೊಡಲಿಲ್ಲ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ, ಒಂದು ಲೀಟರ್ ಗಾಳಿಯಲ್ಲಿ ಅದು 250 ಮಿಲಿಗ್ರಾಂಗೂ ಹೆಚ್ಚು. ಬೆಚ್ಚನೆ ರಕ್ತ, ಮನುಷ್ಯರ ಮೆದುಳು ಇರುವವಳಿಗೆ ಅಷ್ಟು ಸಾಲದು. ಆದ್ದರಿಂದ ಶ್ವಾಸಕೋಶವೇ ಇರಲಿ ಎಂದು ಒಂದು ಉಸಿರಿಗೆ 12 ನಿಮಿಷ ನಿಗದಿ ಮಾಡಿದೆ. ಇದರಿಂದ ಪ್ರೇಮಕ್ಕೂ ಲಾಭವಾಯಿತು: ಅವಳು ಮೇಲೆ ಬರಲೇಬೇಕು, ಬಂದರೆ ಕಾಣಲೇಬೇಕು. ಮೈಗೆ ಹುರುಪೆ ಇಲ್ಲ, ಬಾಳೆಮೀನಿನ ಹಾಗೆ ನುಣುಪು ಚರ್ಮ. ಒಣಗುವುದು ಬೇಗ, ನೀರಿನ ಹೊರಗೆ 40 ನಿಮಿಷ ಮೀರಿದರೆ ಚರ್ಮ ಸೀಳುತ್ತದೆ.

ಬಾಲದ ಬಗ್ಗೆ ಮುಖಪುಟ ಬರೆಯುವವರಿಗೆ ಪ್ರತ್ಯೇಕ ಚೀಟಿ ಕೊಡಬೇಕು. ಮೀನಿನ ಬೆನ್ನುಮೂಳೆ ಎಡಕ್ಕೆ ಬಲಕ್ಕೆ ಬಾಗುತ್ತದೆ, ಅದರ ಬಾಲದ ರೆಕ್ಕೆ ನಿಂತಿರುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಬಾಗುತ್ತದೆ, ಅದರ ರೆಕ್ಕೆ ಮಲಗಿರುತ್ತದೆ. ನಮ್ಮ ಸೊಂಟ ಬಗ್ಗುವುದು ಹಿಂದೆ ಮುಂದೆ, ಆದ್ದರಿಂದ ಮಲಗಿದ ರೆಕ್ಕೆಯೇ ಸರಿ. ನಿಂತ ರೆಕ್ಕೆ ಬರೆದರೆ ಈಜುವಾಗ ಅವಳ ಹೆಗಲು ಎರಡೂ ಕಡೆ ಬಳುಕಬೇಕಾಗುತ್ತದೆ, ಮುಖ ಒಂದೆಡೆ ನಿಲ್ಲುವುದಿಲ್ಲ.

ಹುಡುಗ ನೀರಿಗಿಳಿಯುವ ದೃಶ್ಯಗಳಲ್ಲಿ ಕಣ್ಣನ್ನು ನಂಬಬಾರದು. ಕದಡಿದ ನೀರಿನಲ್ಲಿ ಚಾಚಿದ ಕೈಯೇ ಕಾಣದು. ‘ಅವಳ ಕಂಗಳು ಹೊಳೆದವು’ ಎಂದು ಬರೆದಿದ್ದ ಆರು ಸಾಲು ಹೊಡೆದುಹಾಕಿದೆ. ಆ ಜಾಗಕ್ಕೆ ಸದ್ದು ಬಂತು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಸುಮಾರು 340. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುವುದರಿಂದ ದಿಕ್ಕು ತಿಳಿಯುವುದಿಲ್ಲ. ಅವಳು ಕಲ್ಲಿಗೆ ಕಲ್ಲು ಬಡಿದು ಕರೆಯುತ್ತಾಳೆ, ಅವನಿಗೆ ಅದು ತಲೆಯೊಳಗೇ ಬಡಿದಂತೆ.

ಅವಳ ಕೋಣೆ ಹಗೇವು. ಜೋಳ ತುಂಬಿಡಲು ನೆಲದಡಿ ತೋಡಿದ, ಬಾಯಿ ಸಣ್ಣ ಒಡಲು ದೊಡ್ಡ ಕಣಜ. ಮಣ್ಣಿನ ಹಗೇವಾದರೆ ನೀರು ನಿಂತ ಮೇಲೆ ಕುಸಿದು ಹೂಳು ತುಂಬುತ್ತದೆ, ಅದಕ್ಕೆ ಕಲ್ಲು ಕಟ್ಟಿದ್ದನ್ನೇ ಇಟ್ಟೆ. ಏಪ್ರಿಲ್‌ನಲ್ಲಿ ಅದರ ಬಾಯಿ ನೀರಿನಿಂದ ಹೊರಬೀಳುತ್ತದೆ. ಹುಡುಗ ಇಳಿಯಹೋಗುವಾಗ ಅಜ್ಜಿ ತಡೆಯುತ್ತಾಳೆ: ‘ಮೊದ್ಲ ಕಂದೀಲ ಇಳಿಬಿಡೋ, ಆರಿದ್ರ ಇಳೀಬ್ಯಾಡ.’ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತು ಜನ ಸಾಯುತ್ತಿದ್ದರು ಎಂಬ ತಿಳಿವಳಿಕೆ ಅವಳ ತಲೆಮಾರಿಗೆ ಸಹಜ. ಕಂದೀಲು ಆರುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾದ ದೃಶ್ಯ ಅದೊಂದೇ ಎನ್ನಬಹುದು.

ಇನ್ನು ಅವಳ ಮಾತು. ಪೂರಾ ಹಳಗನ್ನಡ ಆಡಿಸಿದರೆ ಪಿಯುಸಿ ಓದುವವರು ಮೂರನೆಯ ಪುಟಕ್ಕೆ ಮುಚ್ಚಿಡುತ್ತಾರೆ. ಒಂದೇ ಲಕ್ಷಣ ಹಿಡಿದೆ: ಹಕಾರದ ಜಾಗಕ್ಕೆ ಹಳೆಯ ಪಕಾರ. ಹೊಳಿ ಅವಳ ಬಾಯಲ್ಲಿ ಪೊಳಿ, ಹಾಲು ಪಾಲು, ಹೆಸರು ಪೆಸರು. ಉಳಿದದ್ದೆಲ್ಲ ಬಾಗಲಕೋಟೆಯ ಮಾತೇ, ‘ಏನ ಮಾಡಾಕತ್ತೀರಿ’ ಎನ್ನುವಂಥದ್ದು. ಆದರೆ ಕಂಪ್ಯೂಟರಿನಲ್ಲಿ ಹುಡುಕಿ ಒಮ್ಮೆಗೇ ಬದಲಿಸಲು ಹೋಗಬೇಡಿ. ಹೃದಯ ಪೃದಯವಾಗುತ್ತದೆ, ಹಂಸ ಪಂಸವಾಗುತ್ತದೆ. ಸಂಸ್ಕೃತದ ಹಕಾರ ಪಕಾರದಿಂದ ಬಂದದ್ದಲ್ಲ. ‘ಹೌದು’ ಕೂಡ ‘ಅಪ್ಪುದು’ ಸವೆದು ಬಂದದ್ದು, ‘ಪೌದು’ ಎಂಬ ರೂಪವಿಲ್ಲ. ಅವಳ ಪ್ರತಿ ಮಾತನ್ನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೈಯಿಂದಲೇ ತಿದ್ದಿದೆ.

ಪ್ರೇಮದ ತಿರುವು ಇರುವುದು ‘ರೀ’ಯಲ್ಲಿ. ಹದಿಮೂರನೆಯ ಅಧ್ಯಾಯದವರೆಗೆ ‘ನಾಳಿ ಪೊಳಿಗಿ ಬರ್ತೀರೇನ್ರೀ?’ ಎನ್ನುವವಳು ಹದಿನಾಲ್ಕರಲ್ಲಿ ‘ನಾಳಿ ಬರ್ತಿ?’ ಅಂದುಬಿಡುತ್ತಾಳೆ. ವಿವರಣೆ ಒಂದು ಸಾಲೂ ಬೇಡ. ಹುಡುಗ ಉತ್ತರ ಕೊಡದೆ ಹರಿಗೋಲಿನ ಹುಟ್ಟು ತಪ್ಪಿಸಿದರೆ ಸಾಕು. ಇದು ಕೆಲಸ ಮಾಡಬೇಕಾದರೆ ಅದಕ್ಕಿಂತ ಮೊದಲು ಒಮ್ಮೆಯೂ ‘ರೀ’ ಬಿಟ್ಟಿರಬಾರದು. ಕರಡಿನಲ್ಲಿ ನಾಲ್ಕು ಕಡೆ ಬಿಟ್ಟಿತ್ತು.

ವಯಸ್ಸು ಇಬ್ಬರಿಗೂ ಹದಿನೇಳು. ಮುನ್ನೂರು ವರ್ಷದವಳು ಕಾಲೇಜು ಹುಡುಗನನ್ನು ಪ್ರೀತಿಸುವುದು ಎಷ್ಟು ಚೆಂದ ಬರೆದರೂ ಮುಜುಗರ. ಪುಸ್ತಕದಲ್ಲಿ ಮುತ್ತು ಇಲ್ಲ, ಎರಡೂ ಅರ್ಥದಲ್ಲಿ.

ಒಟ್ಟು 44,000 ಪದ, ಡೆಮಿ ಅಷ್ಟದಳದಲ್ಲಿ ಸುಮಾರು 180 ಪುಟ. ಐಎಸ್‌ಬಿಎನ್‌ಗೆ ಶುಲ್ಕವಿಲ್ಲ. ಯೂನಿಕೋಡಿನಲ್ಲಿ ಬರೆದದ್ದನ್ನು ಮುದ್ರಣದವರು ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ‘ಬರ್ತಿ’ಯಂಥ ಆಡುಮಾತು ತುಂಬಿದ ಪುಟಗಳಲ್ಲಿ ಹೆಚ್ಚು. ಕರಡಚ್ಚನ್ನು ಎರಡು ಸಲ ಓದಬೇಕು, ಒಮ್ಮೆ ಮಾತಿಗೆ, ಒಮ್ಮೆ ಬರೀ ಅಂಕಿಗೆ. ಹದಿನೆಂಟನೆಯ ಅಧ್ಯಾಯದ ತಲೆಯ 509 ಹೋಗಿ 519 ಆದರೆ ಅಜ್ಜಿ ಕಂದೀಲು ಹಿಡಿದು ನಿಂತ ಜಾಗ ಹತ್ತು ಮೀಟರ್ ನೀರಿನಡಿ ಇರುತ್ತದೆ.