ಮೈಕ್‌ಗೆ ಪಿವಿಸಿ ಪೈಪಿನ ಶಾಕ್ ಮೌಂಟ್

ಮೇಜಿಗೆ ಮೊಣಕೈ ತಾಗಿದಾಗ, ಸ್ಟ್ಯಾಂಡಿನ ಪಕ್ಕ ಯಾರೋ ನಡೆದಾಗ ರೆಕಾರ್ಡಿಂಗಿನಲ್ಲಿ ಕೇಳುವ ‘ಧುಪ್’ ಗಾಳಿಯಲ್ಲಿ ಬಂದ ಸದ್ದಲ್ಲ. ಅದು ಕಂಬದಿಂದ ಕ್ಲಿಪ್ಪಿಗೆ, ಕ್ಲಿಪ್ಪಿನಿಂದ ಮೈಕಿನ ಮೈಗೆ ಹತ್ತಿದ ನಡುಕ. ಮೈಕಿಗೆ ಸ್ಪಂಜು ಸುತ್ತಿ ಕ್ಲಿಪ್ಪಿಗೆ ತುರುಕಿದರೆ ಹೆಚ್ಚು ಪ್ರಯೋಜನವಿಲ್ಲ. ಅದುಮಿದ ಸ್ಪಂಜು ಗಟ್ಟಿಯಾಗಿ ನಡುಕವನ್ನು ದಾಟಿಸಿಬಿಡುತ್ತದೆ. ಮೈಕ್ ಸಡಿಲವಾಗಿ ತೂಗಾಡಬೇಕು. ಹಾಗೆ ತೂಗುಹಾಕುವ ಚೌಕಟ್ಟೇ ಶಾಕ್ ಮೌಂಟ್.

ಇಲ್ಲಿನ ಅಳತೆಗಳು 20 ಮಿ.ಮೀ. ದಪ್ಪದ, 100–150 ಗ್ರಾಂ ತೂಕದ ಪೆನ್ಸಿಲ್ ಕಂಡೆನ್ಸರ್ (ತೆಳು ಕೊಳವೆಯಾಕಾರದ) ಮೈಕಿಗೆ. ಬೇಕಾದವು: 75 ಮಿ.ಮೀ. ಪಿವಿಸಿ ಪೈಪು 8 ಸೆಂ.ಮೀ., ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ದುಂಡನೆಯ ಎಲಾಸ್ಟಿಕ್ ದಾರ 60 ಸೆಂ.ಮೀ.ನ ಎರಡು ತುಂಡು, ಪೈಪನ್ನು ಸ್ಟ್ಯಾಂಡಿಗೆ ಕೂರಿಸಲು ಹಳೆಯ ಮೈಕ್ ಕ್ಲಿಪ್ಪಿನ ಬುಡ, ಒಂದು ಬೋಲ್ಟು, ಅಗಲ ವಾಷರ್.

ಪೈಪಿನ ಸುತ್ತಳತೆ ಸುಮಾರು 236 ಮಿ.ಮೀ. ಕಾಗದದ ಪಟ್ಟಿ ಸುತ್ತಿ 59 ಮಿ.ಮೀ.ಗೊಂದರಂತೆ ನಾಲ್ಕು ಗೆರೆ ಹಾಕಿ. ಪ್ರತಿ ಗೆರೆಯ ಎರಡೂ ಬದಿ 7 ಮಿ.ಮೀ. ದೂರದಲ್ಲಿ, ಅಂಚಿನಿಂದ 10 ಮಿ.ಮೀ. ಒಳಗೆ, 3 ಮಿ.ಮೀ. ತೂತು ಕೊರೆಯಿರಿ. ಒಂದು ತುದಿಗೆ ಎಂಟು, ಒಟ್ಟು ಹದಿನಾರು. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜದಿದ್ದರೆ ದಾರ ಅಲ್ಲೇ ಸವೆದು ಹರಿಯುತ್ತದೆ.

ಪೈಪಿನ ಒಂದೊಂದು ತುದಿಗೆ ಒಂದೊಂದು ತುಂಡು ದಾರವನ್ನು ಎರಡು ಮೇಲೆ-ಕೆಳಗೆ, ಎರಡು ಅಡ್ಡ ಎಳೆಯಾಗಿ, ಒಂದರ ಮೇಲೊಂದು ಹೆಣೆದು ಪೋಣಿಸಿ. ನಡುವೆ ಮೈಕಿಗಿಂತ ತುಸು ಚಿಕ್ಕ ಚೌಕ ಉಳಿಯುತ್ತದೆ. ಮೈಕನ್ನು ಅದರಲ್ಲಿ ತೂರಿಸಬೇಕು. ಗಂಟು ಹೊರಗಿರಲಿ, ಬಿಚ್ಚಲು ಬರುವಂತಿರಲಿ. ಈ ಮೈಕಿನ ಡಯಾಫ್ರಾಮ್ (ಸದ್ದಿಗೆ ಕಂಪಿಸುವ ತೆಳು ಪೊರೆ) ಮೈಕಿನ ಉದ್ದದ ದಿಕ್ಕಿನ ಅಲುಗಾಟಕ್ಕೆ ಹೆಚ್ಚು ಸ್ಪಂದಿಸುತ್ತದೆ. ಈ ಹೆಣಿಗೆ ಅತಿ ಮೆತ್ತಗಿರುವುದೂ ಅದೇ ದಿಕ್ಕಿಗೆ, ಏಕೆಂದರೆ ಆಗ ನಾಲ್ಕೂ ಎಳೆಗಳು ಅಡ್ಡಕ್ಕೆ ಬಾಗುತ್ತವೆ.

ಬಿಗಿ ಎಷ್ಟಿರಬೇಕು? ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಮೈಕನ್ನು ಅಡ್ಡವಾಗಿಟ್ಟು, ಮೈಕಿಗೂ ಪೈಪಿನ ಒಳಗೋಡೆಗೂ ನಡುವಿನ ಅಂತರವನ್ನು ಮೇಲೆ, ಕೆಳಗೆ ಅಳೆಯಿರಿ. ಮೇಲೆ 29, ಕೆಳಗೆ 21 ಇದ್ದರೆ ವ್ಯತ್ಯಾಸದ ಅರ್ಧ, ಅಂದರೆ 4 ಮಿ.ಮೀ., ಜೋಲಿದೆ. 15.8ನ್ನು ಮಿ.ಮೀ. ಲೆಕ್ಕದ ಜೋಲಿನ ವರ್ಗಮೂಲದಿಂದ ಭಾಗಿಸಿದರೆ ತೂಗಾಟದ ಸ್ವಂತ ಆವರ್ತನ (ಮೈಕ್ ತಾನಾಗಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು) ಸುಮಾರಾಗಿ ಸಿಗುತ್ತದೆ: ಇಲ್ಲಿ 8 ಹರ್ಟ್ಸ್. ತಡೆ ಶುರುವಾಗುವುದು ನಡುಕದ ಆವರ್ತನ ಅದರ 1.4 ಪಟ್ಟು ದಾಟಿದ ಮೇಲೆ. ಸ್ವಂತ ಆವರ್ತನದ ಆಸುಪಾಸಿನಲ್ಲಂತೂ ನಡುಕ ಇನ್ನೂ ಹೆಚ್ಚುತ್ತದೆ. ಅರ್ಧ ಮಿ.ಮೀ. ಮಾತ್ರ ಜೋಲುವಷ್ಟು ಬಿಗಿದರೆ ಅದು 22 ಹರ್ಟ್ಸ್‌ಗೆ ಏರಿ, ಹೆಜ್ಜೆಯ ಧಡಧಡ ಮೊದಲಿಗಿಂತ ಜೋರಾಗಲೂಬಹುದು. 3ರಿಂದ 5 ಮಿ.ಮೀ. ಇಟ್ಟುಕೊಳ್ಳಿ. ಅದಕ್ಕಿಂತ ಸಡಿಲವಾದರೆ ಸ್ಟ್ಯಾಂಡ್ ತಿರುಗಿಸಿದಾಗ ಮೈಕ್ ಗೋಡೆಗೆ ಬಡಿಯುತ್ತದೆ. ತೀರಾ ಹಗುರ ಮೈಕ್ ಜೋಲುವುದೇ ಇಲ್ಲ. ಅದರ ಮೈಗೆ 50 ಗ್ರಾಂ ಹಿತ್ತಾಳೆ ಕಟ್ಟಿ. ತೂಕ ಹೆಚ್ಚಿದಷ್ಟೂ ಆವರ್ತನ ಇಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಧುಪ್ ನಿಲ್ಲದಿದ್ದರೆ ಕೇಬಲ್ ಕಡೆ ನೋಡಿ. ದಪ್ಪ ಕೇಬಲ್ ಬಿಗಿಯಾಗಿ ಎಳೆದುಕೊಂಡಿದ್ದರೆ ಅದೇ ಸೇತುವೆ. ಎಲಾಸ್ಟಿಕ್ ಇದ್ದೂ ಇಲ್ಲದಂತೆ. ಮೈಕಿನಿಂದ 20 ಸೆಂ.ಮೀ.ನಷ್ಟು ತೆಳು, ಮೆದು ಕೇಬಲನ್ನು ಸಡಿಲ ಕುಣಿಕೆಯಾಗಿ ಬಿಟ್ಟು, ಆಮೇಲಷ್ಟೇ ಸ್ಟ್ಯಾಂಡಿಗೆ ಕೇಬಲ್ ಟೈ ಹಾಕಿ. ಕುಣಿಕೆ ಪೈಪಿಗೆ ತಾಗಬಾರದು.

ಪರೀಕ್ಷೆಗೆ ಗೇನ್ (ರೆಕಾರ್ಡಿಂಗಿನ ಮಟ್ಟ) ಬದಲಿಸದೆ, ಮೇಜಿನ ಮೇಲೆ ಅದೇ ಜಾಗಕ್ಕೆ 10 ಸೆಂ.ಮೀ. ಎತ್ತರದಿಂದ ಪೆನ್ಸಿಲ್ ಅಳಿಸುವ ರಬ್ಬರೊಂದನ್ನು ಐದು ಸಲ ಬೀಳಿಸಿ. ಮೊದಲು ಕ್ಲಿಪ್ಪಿನಲ್ಲಿ, ಆಮೇಲೆ ತೂಗಿನಲ್ಲಿ. ಗಾಳಿಯಲ್ಲೇ ಬರುವ ‘ಟಪ್’ ಎರಡರಲ್ಲೂ ಉಳಿಯುತ್ತದೆ, ಅದನ್ನು ಎಣಿಸಬೇಡಿ. ಕೆಳಸ್ಥಾಯಿಯ ಗುಡುಗು ಎಷ್ಟು ಇಳಿಯಿತು ನೋಡಿ. ಮಾತಿನ ರೆಕಾರ್ಡಿಂಗಾದರೆ ಉಳಿದದ್ದನ್ನು 80 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ನೋಡಿಕೊಳ್ಳುತ್ತದೆ.

ಎಲಾಸ್ಟಿಕ್ ಬದಲು ಅಂಗಡಿಯ ಸಾದಾ ರಬ್ಬರ್ ಬ್ಯಾಂಡ್ ಬೇಡ. ಬಿಸಿಲಿಗೆ ಬಿರಿದು ರೆಕಾರ್ಡಿಂಗಿನ ನಡುವೆಯೇ ಹರಿಯುತ್ತದೆ. ಬಟ್ಟೆ ಹೊದಿಕೆಯ ದಾರವೂ ಕಾಲ ಕಳೆದಂತೆ ಜಗ್ಗುವುದರಿಂದ ಆಗಾಗ ಜೋಲು ಅಳೆದು ಗಂಟು ಬಿಗಿಯಿರಿ.