ಬಿಲ್ ಬರುವ ಮೊದಲೇ ಕಟ್ಟಿ ಸಿಬಿಲ್ ಸ್ಕೋರ್ 690ರಿಂದ 790 ದಾಟಿಸಿದ್ದು: ನನ್ನ ಅನುಭವ

ಬಳಸುತ್ತಿದ್ದ ಎರಡು ಕ್ರೆಡಿಟ್ ಕಾರ್ಡ್‌ಗಳಲ್ಲೂ ಒಂದು ಡ್ಯೂ ಡೇಟ್ ತಪ್ಪಿಸಿರಲಿಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುತ್ತಿದ್ದೆ, ಒಂದು ಪೈಸೆ ಬಡ್ಡಿ ಕೊಟ್ಟವನಲ್ಲ. ಆದರೂ 2024ರ ಮಾರ್ಚ್‌ನಲ್ಲಿ, ಸಾಲ ಕೊಡುವ ಮೊದಲು ಬ್ಯಾಂಕ್‌ಗಳು ನೋಡುವ ಸಿಬಿಲ್ ಸ್ಕೋರ್ ಇದ್ದದ್ದು 692. ಬಿಲ್ ಜನರೇಟ್ ಆಗುವ ಮೊದಲೇ ದುಡ್ಡು ಕಟ್ಟುತ್ತೇನೆ ಎಂದಾಗ ಕಾರ್ಡ್ ವಿಷಯ ಬಲ್ಲ ಗೆಳೆಯರೇ ಬೇಡ ಎಂದರು. 'ಬಿಲ್ಲೇ ಬರದಿದ್ದರೆ ಸಾಲ ತೀರಿಸಿದ ಹಿಸ್ಟರಿ ಹೇಗೆ ಬರುತ್ತೆ', 'ಬಡ್ಡಿಯಿಲ್ಲದ ದಿನಗಳನ್ನು ಸುಮ್ಮನೆ ಬ್ಯಾಂಕಿಗೆ ಬಿಟ್ಟುಕೊಡ್ತೀಯಾ' ಅನ್ನುವುದು ಅವರ ವಾದ. ಹದಿನಾಲ್ಕು ತಿಂಗಳ ಮೇಲೆ ಸ್ಕೋರ್ 793. ಹಾಗೆ ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಸ್ಟೇಟ್‌ಮೆಂಟ್ ಕಳಿಸಿ ಯಾವ ತಾರೀಖಿಗೆ ಕಟ್ಟಬೇಕು ಎಂದು ಕೇಳುತ್ತಾರೆ.

ನನ್ನ ಹತ್ತಿರ ಇದ್ದದ್ದು ಮೂರು ಕಾರ್ಡ್. ಹಳೇ ಕಾರ್ಡ್‌ನ ಲಿಮಿಟ್ 45,000, ಎರಡನೆಯದರದು 60,000, ಬಳಸದೆ ಮೂಲೆ ಸೇರಿದ್ದ ಮೂರನೆಯದರದು 30,000. ರಿವಾರ್ಡ್ ಪಾಯಿಂಟ್ ಚೆನ್ನಾಗಿ ಬರುತ್ತದೆಂದು ಮನೆಖರ್ಚು, ಕರೆಂಟ್, ಪೆಟ್ರೋಲ್ ಎಲ್ಲ ಹಳೇ ಕಾರ್ಡ್ ಮೇಲೆ ಹೋಗುತ್ತಿತ್ತು. ತಿಂಗಳಿಗೆ 38 ಸಾವಿರದ ಹತ್ತಿರ. ಅಂದರೆ ಆ ಕಾರ್ಡಿನ ಲಿಮಿಟ್‌ನಲ್ಲಿ ಶೇ. 84 ಬಳಕೆ. ಎರಡನೆಯದರ ಮೇಲೆ 15 ಸಾವಿರ. ಮೂರೂ ಸೇರಿಸಿ ನೋಡಿದರೂ ಶೇ. 39.

ಸಿಬಿಲ್ ರಿಪೋರ್ಟ್‌ನ ಪೂರ್ತಿ ಪಿಡಿಎಫ್ ಇಳಿಸಿ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು ನೋಡಿದಾಗ ಗಂಟು ಬಿಚ್ಚಿತು. ಹಳೇ ಕಾರ್ಡ್‌ನ ಸಾಲಿನಲ್ಲಿ ಕರೆಂಟ್ ಬ್ಯಾಲೆನ್ಸ್ (ಬಾಕಿ ಮೊತ್ತ) 37,842. ಅದೇ ತಿಂಗಳ 18ನೇ ತಾರೀಖಿನ ಬಿಲ್‌ನಲ್ಲೂ 37,842, ರೂಪಾಯಿಗೆ ರೂಪಾಯಿ. ಆ ಬಿಲ್ಲನ್ನು ನಾನು ಡ್ಯೂ ಡೇಟ್‌ಗೂ ಮೊದಲೇ ಪೂರ್ತಿ ಕಟ್ಟಿದ್ದೆ. ಆದರೆ ಬ್ಯಾಂಕ್ ಸಿಬಿಲ್‌ಗೆ ಕಳಿಸಿದ್ದು ಬಿಲ್ ದಿನದ ಫೋಟೋ. ಆಮೇಲೆ ಕಟ್ಟಿದ್ದು ಆ ಫೋಟೋದಲ್ಲಿ ಇಲ್ಲ. ಪ್ರತಿ ತಿಂಗಳೂ ಲಿಮಿಟ್ ಕುತ್ತಿಗೆವರೆಗೆ ಬಳಸಿದವನ ಹಾಗೆ ನಾನು ಅಲ್ಲಿ ಕಾಣುತ್ತಿದ್ದೆ. ಬಳಕೆ ಹೀಗೆ ಹೆಚ್ಚು ಕಂಡಷ್ಟೂ ಸ್ಕೋರ್ ಇಳಿಯುತ್ತದೆ.

ಎರಡನೇ ಕಾರ್ಡ್‌ನ ಲೆಕ್ಕ ಬೇರೆ. ಅದರ ಕರೆಂಟ್ ಬ್ಯಾಲೆನ್ಸ್ ಬಿಲ್‌ಗೆ ಹೊಂದಲೇ ಇಲ್ಲ. ಬಿಲ್ 5ನೇ ತಾರೀಖಿಗೆ. ರಿಪೋರ್ಟ್‌ನಲ್ಲಿದ್ದ ಮೊತ್ತ ಮಾತ್ರ ತಿಂಗಳ ಕೊನೇ ದಿನ ಆ್ಯಪ್‌ನಲ್ಲಿ ಕಾಣುತ್ತಿದ್ದ ಒಟ್ಟು ಬಾಕಿ. 'ಬಿಲ್‌ಗೆ ಮೂರು ದಿನ ಮೊದಲು ಕಟ್ಟಿ' ಎಂಬ ಸಲಹೆ ಕೆಲವರಿಗೆ ಫಲ ಕೊಟ್ಟು ಕೆಲವರಿಗೆ ಕೊಡದಿರುವುದು ಇದಕ್ಕೇ. ಫೋಟೋ ತೆಗೆಯುವ ದಿನ ಪ್ರತಿ ಬ್ಯಾಂಕಿಗೂ ಬೇರೆ. ಅದನ್ನು ಕಾಲ್ ಸೆಂಟರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ, ನನಗೆ ಮೂರು ಸಲ ಮೂರು ಉತ್ತರ ಸಿಕ್ಕಿತು. ರಿಪೋರ್ಟ್‌ನಲ್ಲಿ ಪ್ರತಿ ಖಾತೆಯ ಕೆಳಗೆ ಡೇಟ್ ರಿಪೋರ್ಟೆಡ್ ಎಂದಿರುತ್ತದೆ. ಆ ತಾರೀಖು ಮತ್ತು ಬ್ಯಾಲೆನ್ಸ್ ಎರಡನ್ನೂ ಎರಡು ತಿಂಗಳು ಬಿಲ್ ಜೊತೆಗೂ ತಿಂಗಳ ಕೊನೆಯ ಬಾಕಿ ಜೊತೆಗೂ ಹೋಲಿಸಿದರೆ ಗೊತ್ತಾಗಿಬಿಡುತ್ತದೆ. ಒಂದೇ ತಿಂಗಳು ನೋಡಿ ತೀರ್ಮಾನಿಸಬೇಡಿ. ಕಾಕತಾಳೀಯವಾಗಿ ಎರಡೂ ಮೊತ್ತ ಹತ್ತಿರ ಬಂದು ದಾರಿ ತಪ್ಪಿಸುತ್ತವೆ.

ರಿಪೋರ್ಟ್‌ಗೆ ದುಡ್ಡು ಕೊಡುವ ಅಗತ್ಯವಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕೆಂದು ಆರ್‌ಬಿಐ ನಿಯಮವೇ ಇದೆ. ನಾಲ್ಕನ್ನೂ ಒಟ್ಟಿಗೆ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಿರಬಹುದು. ನಮ್ಮ ಸ್ಕೋರ್ ನಾವೇ ನೋಡಿದರೆ ಇಳಿಯುವುದಿಲ್ಲ. ಒಂದು ತಿಂಗಳು ದಿನವೂ ನೋಡಿದೆ, ಒಂದು ಪಾಯಿಂಟ್ ಅಲುಗಲಿಲ್ಲ.

ಏಪ್ರಿಲ್‌ನಿಂದ ಶುರು ಮಾಡಿದೆ. ಹಳೇ ಕಾರ್ಡ್‌ಗೆ 15ರ ಒಳಗೆ 34-35 ಸಾವಿರ ಕಟ್ಟಿ ಮೂರು ಸಾವಿರದಷ್ಟು ಬಿಟ್ಟೆ. 18ಕ್ಕೆ ಬಿಲ್ ಬಂದದ್ದು ಅಷ್ಟಕ್ಕೇ, ಅದನ್ನು ಡ್ಯೂ ಡೇಟ್‌ಗೆ ಆಟೋ ಡೆಬಿಟ್ ತೆಗೆದುಕೊಂಡಿತು. ಎರಡನೇ ಕಾರ್ಡ್‌ಗೆ 27ರ ಹೊತ್ತಿಗೆ ಕಟ್ಟಿ ಐದು ಸಾವಿರ ಬಿಟ್ಟೆ. ಒಟ್ಟು ಬಳಕೆ ಶೇ. 39ರಿಂದ 6-7ಕ್ಕೆ ಇಳಿಯಿತು. ಖರ್ಚು ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಎರಡು ತಿಂಗಳಲ್ಲಿ ಸ್ಕೋರ್ 731. ಬೇಗ ಕಟ್ಟಿದ್ದರಿಂದ ನಷ್ಟವೆಷ್ಟು ಅಂದರೆ, 35 ಸಾವಿರ ಇಪ್ಪತ್ಮೂರು ದಿನ ಉಳಿತಾಯ ಖಾತೆಯಲ್ಲಿ ಶೇ. 3ಕ್ಕೆ ಇದ್ದಿದ್ದರೆ ಸಿಗುತ್ತಿದ್ದದ್ದು 65 ರೂಪಾಯಿ ಚಿಲ್ಲರೆ. ಅತ್ತ ಮೂವತ್ತು ಲಕ್ಷದ ಗೃಹಸಾಲ ಇಪ್ಪತ್ತು ವರ್ಷಕ್ಕೆ ಶೇ. 8.75ರ ಬದಲು 8.50ಕ್ಕೆ ಸಿಕ್ಕರೆ ಕಂತಿನಲ್ಲೇ ತಿಂಗಳಿಗೆ ಸುಮಾರು 475 ರೂಪಾಯಿ ಉಳಿಯುತ್ತದೆ. ಪೂರ್ತಿ ಅವಧಿಗೆ ಒಂದು ಲಕ್ಷದ ಹದಿನಾಲ್ಕು ಸಾವಿರದ ಹತ್ತಿರ. ಬಡ್ಡಿಯಿಲ್ಲದ ದಿನಗಳ ವಾದಕ್ಕೆ ನನ್ನ ಉತ್ತರ ಇಷ್ಟೇ.

ಎಡವಿದ್ದೂ ಇದೆ. ಜೂನ್‌ನಲ್ಲಿ ಒಂದು ಆ್ಯಪ್ ಮೂಲಕ 16ಕ್ಕೆ ಕಟ್ಟಿದೆ. ದುಡ್ಡು ಖಾತೆಯಿಂದ ಹೋಯಿತು, ಕಾರ್ಡ್‌ಗೆ ಜಮೆ ಆದದ್ದು 19ಕ್ಕೆ. ಅಷ್ಟರಲ್ಲಿ 36 ಸಾವಿರದ ಬಿಲ್ ಬಂದಾಗಿತ್ತು, ಆ ತಿಂಗಳು ಸ್ಕೋರ್ 20 ಪಾಯಿಂಟ್ ಇಳಿಯಿತು. ಮುಂದಿನ ತಿಂಗಳು ಅಷ್ಟೂ ವಾಪಸ್ ಬಂತೆನ್ನಿ. ಅಂದಿನಿಂದ ಬ್ಯಾಂಕಿನ ಸ್ವಂತ ಆ್ಯಪ್ ಇಲ್ಲವೇ ಎನ್‌ಇಎಫ್‌ಟಿ ಮಾತ್ರ, ಅದೂ ಮೂರು ದಿನ ಮುಂಚೆ. ಇನ್ನೊಂದು ಸಲ ಬಿಲ್ ಬಂದ ಮೇಲೆ, ಡ್ಯೂ ಡೇಟ್‌ನ ಹಿಂದಿನ ದಿನ ಕೈಯಾರೆ 38 ಸಾವಿರ ಕಟ್ಟಿದೆ. ಆಟೋ ಡೆಬಿಟ್ ಫೈಲ್ ಆಗಲೇ ಹೊರಟಿದ್ದರಿಂದ ಮರುದಿನ ಅಷ್ಟೇ ಮೊತ್ತ ಮತ್ತೊಮ್ಮೆ ಹೋಯಿತು. ಖಾತೆ ಖಾಲಿಯಾಗಿ ಮ್ಯೂಚುವಲ್ ಫಂಡ್‌ನ ತಿಂಗಳ ಕಂತು (ಎಸ್‌ಐಪಿ) ಬೌನ್ಸ್, ಅದರ ದಂಡ ಬೇರೆ. ಹಾಗಾಗಿ ಕೈಯಾರೆ ಕಟ್ಟುವುದೆಲ್ಲ ಬಿಲ್‌ಗೆ ಮೊದಲು, ಬಿಲ್ ಬಂದ ಮೇಲೆ ಆಟೋ ಡೆಬಿಟ್‌ಗೆ ಬಿಟ್ಟು ಸುಮ್ಮನಿರಬೇಕು. ಖಾತೆಯಲ್ಲಿ ದುಡ್ಡಿದ್ದರೆ ಸಾಕು.

ಬಿಲ್ ಬಂದ ಮೇಲೆ ಬರುವ ರೀಫಂಡ್ ನಂಬಿ ಕಡಿಮೆ ಕಟ್ಟುವುದೂ ಅಪಾಯ. ಬಿಲ್ 4,200, ವಾಪಸ್ ಮಾಡಿದ ವಸ್ತುವಿನ 4,000 ಜಮೆ ಆಗಿದೆ ಎಂದುಕೊಂಡು 200 ಕಟ್ಟಿದರೆ, ರೀಫಂಡನ್ನು ಪಾವತಿ ಎಂದು ಲೆಕ್ಕಕ್ಕೆ ಹಿಡಿಯದ ಬ್ಯಾಂಕ್‌ಗಳಿವೆ. ಪೂರ್ತಿ ಕಟ್ಟಿಬಿಡಿ, ಹೆಚ್ಚಾದದ್ದು ಮುಂದಿನ ಬಿಲ್‌ನಲ್ಲಿ ಕಳೆಯುತ್ತದೆ.

ದೊಡ್ಡ ಏಟು ಕೊಟ್ಟದ್ದು ಮೂಲೆಯ ಕಾರ್ಡ್. ವಾರ್ಷಿಕ ಶುಲ್ಕ 500, ಅದಕ್ಕೆ ಜಿಎಸ್‌ಟಿ 90, ಒಟ್ಟು 590. ಕಾರ್ಡ್ ಕೊಡುವಾಗ 'ಜೀವನಪರ್ಯಂತ ಫ್ರೀ' ಎಂದು ಬರೆದುಕೊಟ್ಟಿದ್ದ ಬ್ಯಾಂಕ್ ಅದು. ಸ್ಟೇಟ್‌ಮೆಂಟ್ ಹೋಗುತ್ತಿದ್ದದ್ದು ನಾನು ತೆರೆಯದ ಹಳೇ ಇಮೇಲ್‌ಗೆ. ರಿಪೋರ್ಟ್‌ನ ಡಿಪಿಡಿ (ಡ್ಯೂ ಡೇಟ್ ಕಳೆದು ಎಷ್ಟು ದಿನವಾಯಿತು ಎಂಬ ಎಣಿಕೆ) ಚೌಕಗಳಲ್ಲಿ 000, 000, 000 ಎಂದು ಸಾಲಾಗಿ ಹೋಗುತ್ತಾ ಒಂದು ಕಡೆ 028, ಪಕ್ಕದಲ್ಲಿ 059. ಐನೂರ ತೊಂಬತ್ತು ರೂಪಾಯಿಗೆ! ಆ ಚೌಕಗಳು ಮೂರು ವರ್ಷ ರಿಪೋರ್ಟ್‌ನಲ್ಲಿ ಕೂತಿರುತ್ತವೆ.

ಇದಕ್ಕೆ ಸಿಬಿಲ್ ಸೈಟ್‌ನಲ್ಲೇ, ತಪ್ಪು ಸರಿಪಡಿಸಿ ಎಂದು ಡಿಸ್‌ಪ್ಯೂಟ್ ಹಾಕಿದೆ, ಅದಕ್ಕೆ ದುಡ್ಡಿಲ್ಲ. ಆದರೆ ಬ್ಯಾಂಕ್ ಒಪ್ಪದೆ ಸಿಬಿಲ್ ತಾನಾಗಿ ಏನನ್ನೂ ಬದಲಿಸುವುದಿಲ್ಲ. ಆದ್ದರಿಂದ ಅದೇ ದಿನ ಬ್ಯಾಂಕಿಗೂ ಆ 'ಫ್ರೀ' ಪತ್ರ ಲಗತ್ತಿಸಿ ದೂರು ಕೊಟ್ಟು ನಂಬರ್ ಪಡೆದೆ. ಮೂವತ್ತು ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ ಸಾಲನ್ನು ದೂರಿನಲ್ಲೇ ಬರೆದೆ. ಮೊದಲ ಉತ್ತರ 'ನಮ್ಮ ದಾಖಲೆ ಸರಿಯಿದೆ'. ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಎರಡನೇ ಪತ್ರ ಹೋದ ಮೇಲೆ ಶುಲ್ಕವೂ ವಾಪಸ್, ಡಿಪಿಡಿಯೂ 000. ದೂರಿಗೆ ನಾನು ಬಳಸಿದ ಒಕ್ಕಣೆ, ಯಾವ ಕ್ರಮದಲ್ಲಿ ಯಾರಿಗೆ ಕಳಿಸಿದೆ ಎಂಬುದನ್ನು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ನಕಲು ಮಾಡಿ ಕಳಿಸಿದರೆ ಅದರ ಬೆಲೆ ಹೋಗುತ್ತದೆ. ಸ್ಕೋರ್ 731ರಿಂದ 760ರ ಹತ್ತಿರಕ್ಕೆ ಹೋಯಿತು.

ಆ ಸಿಟ್ಟಿನಲ್ಲಿ ಕಾರ್ಡ್ ಮುಚ್ಚಿಸಿದೆ. ಕೋರಿಕೆ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ದಂಡ ಎಂಬ ನಿಯಮ ಇರುವುದರಿಂದ ಮುಚ್ಚುವುದು ಸಲೀಸು, ಬಾಕಿ ಮಾತ್ರ ಇರಬಾರದು. ಒಟ್ಟು ಲಿಮಿಟ್ 1,35,000ದಿಂದ 1,05,000ಕ್ಕೆ ಇಳಿಯಿತು. ನನ್ನ ಬಳಕೆ ಆಗಲೇ ಕಡಿಮೆ ಇದ್ದುದರಿಂದ ಸ್ಕೋರ್ ಇಳಿಕೆ ಏಳೆಂಟು ಪಾಯಿಂಟ್‌ಗೆ ನಿಂತಿತು. ಬಳಕೆ ಹೆಚ್ಚಿರುವವರು ಕಾರ್ಡ್ ಮುಚ್ಚುವ ಮೊದಲು ಲೆಕ್ಕ ಹಾಕಿ. ಅತಿ ಹಳೆಯ ಕಾರ್ಡನ್ನಂತೂ ಮುಟ್ಟಲೇಬೇಡಿ.

ಆಗ ಮಾಡಿದ ತಪ್ಪು, ಹೋದ ಲಿಮಿಟ್ ತುಂಬಲು ಒಂದೇ ತಿಂಗಳಲ್ಲಿ ಮೂರು ಕಡೆ ಹೊಸ ಕಾರ್ಡ್‌ಗೆ ಅರ್ಜಿ ಹಾಕಿದ್ದು. ಮೂರೂ ತಿರಸ್ಕಾರ, ಮೂರು ಎನ್‌ಕ್ವೈರಿ (ಅರ್ಜಿ ಬಂದಾಗ ಬ್ಯಾಂಕ್ ರಿಪೋರ್ಟ್ ನೋಡಿದ ದಾಖಲೆ), 20 ಪಾಯಿಂಟ್ ಹೋಯಿತು. ಆರು ತಿಂಗಳು ಯಾವ ಅರ್ಜಿಯನ್ನೂ ಹಾಕದೆ ಇದ್ದ ಮೇಲೆ ಹಳೇ ಕಾರ್ಡ್‌ನವರೇ ಲಿಮಿಟ್ ಹೆಚ್ಚಿಸುವ ಆಫರ್ ಕೊಟ್ಟರು, 1,10,000ಕ್ಕೆ. ನಮ್ಮ ಒಪ್ಪಿಗೆ ಇಲ್ಲದೆ ಅವರು ಲಿಮಿಟ್ ಏರಿಸುವಂತಿಲ್ಲ, ಹಾಗಾಗಿ ಬಂದ ಮೆಸೇಜನ್ನು ಜಾಹೀರಾತು ಎಂದು ಅಳಿಸಬೇಡಿ. ಆಫರ್ ಬರುವ ಹಾಗೆ ಖರ್ಚನ್ನು ಹೇಗೆ ಹೊಂದಿಸಿದೆ ಎನ್ನುವುದು ನನ್ನಲ್ಲೇ ಇರಲಿ.

2025ರ ಜನವರಿಯಲ್ಲಿ ಲೆಕ್ಕ ಮತ್ತೆ ತಪ್ಪಿತು. ಆ ತಿಂಗಳಿಂದ ಬ್ಯಾಂಕ್‌ಗಳು ಹದಿನೈದು ದಿನಕ್ಕೊಮ್ಮೆ, 15ನೇ ತಾರೀಖು ಮತ್ತು ತಿಂಗಳ ಕೊನೇ ದಿನದ ಲೆಕ್ಕ ಕಳಿಸಬೇಕಾಯಿತು. ಎರಡನೇ ಕಾರ್ಡ್‌ಗೆ 27ಕ್ಕೆ ಮಾತ್ರ ಕಟ್ಟುತ್ತಿದ್ದೆನಲ್ಲ, 15ರ ಫೋಟೋದಲ್ಲಿ 22 ಸಾವಿರ ಬಿತ್ತು. ಹಾಗಾಗಿ 12ಕ್ಕೊಮ್ಮೆ, 27ಕ್ಕೊಮ್ಮೆ ಕಟ್ಟತೊಡಗಿದೆ. ಹಳೇ ಕಾರ್ಡ್‌ನವರು ಇವತ್ತಿಗೂ ಬಿಲ್ ಮೊತ್ತವನ್ನೇ ಕಳಿಸುತ್ತಾರೆ, ಅದಕ್ಕೆ ಹಳೇ ವೇಳಾಪಟ್ಟಿಯೇ ಸಾಕು. ತಾರೀಖುಗಳು ಒಂದರ ಮೇಲೊಂದು ಬಿದ್ದು ಕಟ್ಟಲು ಕಷ್ಟವಾದರೆ ಬಿಲ್ಲಿಂಗ್ ಸೈಕಲ್ (ಬಿಲ್ ಬರುವ ತಾರೀಖು) ಬದಲಿಸಲು ಕನಿಷ್ಠ ಒಂದು ಅವಕಾಶ ಬ್ಯಾಂಕ್ ಕೊಡಲೇಬೇಕು. ಅದನ್ನು ಯೋಚಿಸಿ ಬಳಸಿ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಎರಡೂ ಕಾರ್ಡ್‌ನಲ್ಲಿ ಪೂರ್ತಿ ಸೊನ್ನೆ ಇಟ್ಟು ಎರಡು ತಿಂಗಳು ನೋಡಿದಾಗ ಸ್ಕೋರ್ ಏರುವ ಬದಲು ನಾಲ್ಕೈದು ಪಾಯಿಂಟ್ ಇಳಿಯಿತು. ಸ್ವಲ್ಪ ಬಿಟ್ಟಾಗಲೇ ಮೇಲೆ. ಮಿನಿಮಮ್ ಡ್ಯೂ (ಬಿಲ್‌ನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಒಮ್ಮೆ ಕಟ್ಟಿ ನೋಡಿದೆ. ಡಿಪಿಡಿ 000 ಆಗಿಯೇ ಇತ್ತು, ಆದರೆ 40 ಸಾವಿರಕ್ಕೆ ತಿಂಗಳಿಗೆ ಶೇ. 3.5ರಂತೆ 1,400 ಬಡ್ಡಿ, ಅದರ ಮೇಲೆ 252 ಜಿಎಸ್‌ಟಿ, ಜೊತೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಬೆಲೆ ತೆತ್ತು ಕಲಿತ ಪಾಠ ಅದು, ನೀವು ಮಾಡಬೇಡಿ. ಡ್ಯೂ ಡೇಟ್ ಕಳೆದು ಮೂರು ದಿನದೊಳಗೆ ಕಟ್ಟಿದರೆ ಲೇಟ್ ಫೀಯೂ ಇಲ್ಲ, ಸಿಬಿಲ್‌ಗೆ ಬಾಕಿ ಎಂದು ಹೋಗುವುದೂ ಇಲ್ಲ. ಆದರೆ ನಾಲ್ಕನೇ ದಿನಕ್ಕೆ ಬಿದ್ದರೆ ತಡವಾದ ದಿನಗಳ ಎಣಿಕೆ ಶುರುವಾಗುವುದು ಡ್ಯೂ ಡೇಟ್‌ನಿಂದಲೇ.

ಹಿಸ್ಟರಿಯೇ ಇಲ್ಲದ ಹತ್ತಿರದವರೊಬ್ಬರಿಗೆ 20 ಸಾವಿರದ ಎಫ್‌ಡಿ ಮೇಲೆ 18 ಸಾವಿರ ಲಿಮಿಟ್‌ನ ಕಾರ್ಡ್ ಕೊಡಿಸಿದೆ. ತಿಂಗಳಿಗೆ 1,500 ಮೀರದ ಖರ್ಚು, ಏಳನೇ ತಿಂಗಳಿಗೆ ಸ್ಕೋರ್ ಮೂಡಿತು, 740ರ ಮೇಲೆಯೇ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದವರು ಮಾತ್ರ ಎಚ್ಚರ. ಹತ್ತು, ಇಪ್ಪತ್ತು ಎಂದು ಸ್ಕ್ಯಾನ್ ಮಾಡಿದ್ದು ತಿಂಗಳಿಗೆ ಏಳು ಸಾವಿರ ಆಗಿರುತ್ತದೆ, 18 ಸಾವಿರದ ಲಿಮಿಟ್‌ನಲ್ಲಿ ಅದೇ ಶೇ. 39.

ಸದ್ಯ ಕಾಡುತ್ತಿರುವುದು ಇಎಂಐ. ಫ್ರಿಜ್‌ಗೆ 36 ಸಾವಿರವನ್ನು ಒಂಬತ್ತು ಕಂತು ಮಾಡಿ ಎರಡನೇ ಕಾರ್ಡ್ ಮೇಲೆ ಹಾಕಿದೆ. ಬಿಲ್‌ನಲ್ಲಿ ಕಾಣುವುದು ತಿಂಗಳ ಕಂತು ಮಾತ್ರ, ರಿಪೋರ್ಟ್‌ಗೆ ಹೋಗುತ್ತಿರುವುದು ಉಳಿದ ಪೂರ್ತಿ ಅಸಲು. ಮೊದಲೇ ಕಟ್ಟಿದರೂ ಆ ಮೊತ್ತ ಕರಗುವುದಿಲ್ಲ, ಕಟ್ಟಿದ್ದು ಬರೀ ಹೆಚ್ಚುವರಿ ಜಮೆಯಾಗಿ (ಕ್ರೆಡಿಟ್ ಬ್ಯಾಲೆನ್ಸ್) ಕೂರುತ್ತದೆ. ಇನ್ನು ನಾಲ್ಕು ಕಂತು, 16 ಸಾವಿರ ಬಾಕಿ ಇದೆ. ಅವಧಿಗೆ ಮೊದಲೇ ಪೂರ್ತಿ ತೀರಿಸುವ ಫೋರ್‌ಕ್ಲೋಷರ್‌ಗೆ ಶೇ. 3 ಶುಲ್ಕ ಕೇಳುತ್ತಿದ್ದಾರೆ, ಜಿಎಸ್‌ಟಿ ಸೇರಿ 566 ರೂಪಾಯಿ. ಈ ಹೊತ್ತಿನಲ್ಲಿ ಯಾವ ಸಾಲಕ್ಕೂ ಅರ್ಜಿ ಹಾಕುವುದಿಲ್ಲವಾದ್ದರಿಂದ ಆ ದುಡ್ಡು ಕೊಡದೆ ಕಂತುಗಳನ್ನೇ ಮುಗಿಸುತ್ತಿದ್ದೇನೆ.